ನೋವು ನಿಂತ ಮೇಲೂ ಮಾತ್ರೆ ಏಕೆ?



ನಮ್ಮ ವೈದ್ಯಕೀಯ ನೆರವು ಉಪಸಮಿತಿಗೆ ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯಿಂದ ಬರುವ ಅರ್ಜಿಗಳಲ್ಲಿ ಎರಡು ಬಗೆ ಇವೆ. ಒಂದು ಬಗೆಯದು ಎಲ್ಲರಿಗೂ ಬೇಗ ಅರ್ಥವಾಗುತ್ತದೆ: ಹೃದಯದ ಶಸ್ತ್ರಚಿಕಿತ್ಸೆ, ಅಪಘಾತ, ಕಾಲು ಮುರಿತ. ಹಣ ಕೊಟ್ಟೆವು, ಆಪರೇಷನ್ ಆಯಿತು, ರೋಗಿ ಮನೆಗೆ ಬಂದರು. ಇನ್ನೊಂದು ಬಗೆಯದು ವರ್ಷ ವರ್ಷವೂ ಮರಳಿ ಬರುತ್ತದೆ: ಸಂಧಿವಾತ, ಲೂಪಸ್, ದೊಡ್ಡ ಕರುಳಿನ ಹುಣ್ಣು, ಸೋರಿಯಾಸಿಸ್, ಮೂತ್ರಪಿಂಡ ಕಸಿ. ಈ ಎರಡನೆಯ ಬಗೆಯ ಅರ್ಜಿ ಸಭೆಯ ಮುಂದೆ ಬಂದಾಗ ದಾನಿಗಳು ಒಂದು ಪ್ರಶ್ನೆ ಕೇಳುವುದುಂಟು: "ಹೋದ ವರ್ಷವೂ ಕೊಟ್ಟಿದ್ದೇವಲ್ಲ, ಇನ್ನೂ ಗುಣವಾಗಿಲ್ಲವೇ? ನೋಡಲು ಚೆನ್ನಾಗಿಯೇ ಇದ್ದಾರಲ್ಲ?"

ಪ್ರಶ್ನೆ ನ್ಯಾಯವಾದದ್ದೇ. ಬೆವರು ಸುರಿಸಿ ದುಡಿದ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಕೊಡುವವರಿಗೆ ಇದೆ. ನಾನು ವೈದ್ಯನಲ್ಲ. ಆಸ್ಪತ್ರೆಯೊಂದರ ರಕ್ತ ಪರೀಕ್ಷಾ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ಸೂಕ್ಷ್ಮದರ್ಶಕದ ಕೆಳಗೆ ಬಿಳಿ ರಕ್ತಕಣಗಳನ್ನು ಎಣಿಸುತ್ತಲೇ ದಿನ ಕಳೆದವನು. ಆ ಕಣಗಳು ದೀರ್ಘಕಾಲದ ಉರಿಯೂತದಲ್ಲಿ ಹೇಗೆ ನಡೆದುಕೊಳ್ಳುತ್ತವೆ, ಔಷಧಿ ಕೊಟ್ಟಾಗ ಹೇಗೆ ಬದಲಾಗುತ್ತವೆ ಎಂಬುದನ್ನು ತಿಳಿದಷ್ಟು ಸರಳವಾಗಿ ಹೇಳಿದರೆ ಈ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ ಎಂದು ನಂಬಿ ಈ ಲೇಖನ ಬರೆಯುತ್ತಿದ್ದೇನೆ. ಯಾವ ಔಷಧಿ, ಎಷ್ಟು, ಎಷ್ಟು ಕಾಲ ಎಂಬುದನ್ನು ಅವರವರ ವೈದ್ಯರೇ ಹೇಳಬೇಕು.

ಬಂದೋಬಸ್ತಿಗೆ ಬಂದ ಪಡೆ ಮರಳದಿದ್ದರೆ

ಕಾಲಿಗೆ ಮುಳ್ಳು ಚುಚ್ಚಿತು ಎಂದುಕೊಳ್ಳಿ. ಕೆಲವೇ ಗಂಟೆಗಳಲ್ಲಿ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಂಡು ನೋಯುತ್ತದೆ. ಇದೇ ಉರಿಯೂತ. ರಕ್ತನಾಳದಿಂದ ಮೊದಲು ಹೊರಗೆ ಬರುವವು ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು. ಅವು ರೋಗಾಣುಗಳನ್ನು ನುಂಗುತ್ತವೆ, ಸುಡುವಂಥ ರಾಸಾಯನಿಕಗಳನ್ನು ಚೆಲ್ಲುತ್ತವೆ, ಹೆಚ್ಚು ಕಾಲ ಬದುಕದೆ ಅಲ್ಲೇ ಸಾಯುತ್ತವೆ. ಒಂದೆರಡು ದಿನದಲ್ಲಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳು ಬಂದು ಸತ್ತ ಕಣಗಳನ್ನು ಗುಡಿಸಿ ಗಾಯ ಮಾಯಲು ದಾರಿ ಮಾಡುತ್ತವೆ. ಕೆಲಸ ಮುಗಿದ ಮೇಲೆ ಎಲ್ಲವೂ ಶಾಂತವಾಗುತ್ತವೆ.

ಗಣೇಶ ವಿಸರ್ಜನೆಯ ದಿನ ನಮ್ಮ ಬೀದಿಗೆ ಹೆಚ್ಚುವರಿ ಪೊಲೀಸರು ಬರುವುದನ್ನು ನೀವೆಲ್ಲ ನೋಡಿದ್ದೀರಿ. ಮೆರವಣಿಗೆ ಮುಗಿದ ಮೇಲೆ ಅವರು ಹೊರಟುಹೋಗುತ್ತಾರೆ. ಹೋಗದೆ ಅಲ್ಲೇ ಡೇರೆ ಹಾಕಿ ಬೀದಿಯ ನಿವಾಸಿಗಳನ್ನೇ ಗಲಭೆಕೋರರೆಂದು ತಿಳಿದು ಲಾಠಿ ಬೀಸತೊಡಗಿದರೆ? ದೀರ್ಘಕಾಲದ ಉರಿಯೂತ ಎಂದರೆ ಇದೇ. ಹೊರಗಿನ ಶತ್ರು ಇಲ್ಲ, ಆದರೆ ಪಡೆ ಹಿಂದಿರುಗುವುದಿಲ್ಲ.

ಈ ತಪ್ಪು ಆದೇಶ ಕೊಡುವವು ಮುಖ್ಯವಾಗಿ ಲಿಂಫೋಸೈಟ್ ಎಂಬ ಚಿಕ್ಕ ಬಿಳಿ ಕಣಗಳು. ಅವುಗಳಲ್ಲಿ ಟಿ ಕೋಶಗಳು ಶತ್ರುವನ್ನು ಗುರುತಿಸಿ ಉಳಿದವರನ್ನು ಕರೆಯುತ್ತವೆ. ಬಿ ಕೋಶಗಳು ಪ್ರತಿಕಾಯ ಎಂಬ ಪ್ರೋಟೀನುಗಳನ್ನು ತಯಾರಿಸುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಇವು ಕೀಲಿನ ಒಳಪೊರೆಯನ್ನೇ ಪರಕೀಯವೆಂದು ಭಾವಿಸುತ್ತವೆ. ಕರೆ ಕೇಳಿದ ಮ್ಯಾಕ್ರೋಫೇಜುಗಳು ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶ ರಾಸಾಯನಿಕಗಳನ್ನು ಸುರಿಸುತ್ತವೆ. ಪೊರೆ ದಪ್ಪವಾಗುತ್ತದೆ, ಮೃದ್ವಸ್ಥಿ ಸವೆಯುತ್ತದೆ, ಮೂಳೆ ತಿನ್ನುವ ಕೋಶಗಳು ಎಚ್ಚೆತ್ತು ಬೆರಳ ಮೂಳೆಯ ಅಂಚನ್ನು ಕೊರೆಯುತ್ತವೆ. ಈ ಹಾನಿಯ ಬಹುಭಾಗ ರೋಗದ ಆರಂಭದ ಕೆಲವು ವರ್ಷಗಳಲ್ಲೇ ಆಗುತ್ತದೆ. ಒಮ್ಮೆ ಕೊರೆದ ಮೂಳೆ ಮೊದಲಿನಂತಾಗುವುದಿಲ್ಲ.

ಲೂಪಸ್‌ನಲ್ಲಿ ಬಿ ಕೋಶಗಳು ನಮ್ಮದೇ ಕೋಶಗಳ ಕೇಂದ್ರದಲ್ಲಿರುವ ವಸ್ತುಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತವೆ. ಅವು ಚರ್ಮ, ಕೀಲು, ಮೂತ್ರಪಿಂಡಗಳಲ್ಲಿ ಶೇಖರವಾಗಿ ಉರಿಯೂತ ಉಂಟುಮಾಡುತ್ತವೆ. ಲೂಪಸ್ ಬಂದ 10 ಜನರಲ್ಲಿ ಸುಮಾರು 9 ಮಂದಿ ಮಹಿಳೆಯರು, ಹೆಚ್ಚಿನವರು ಮಕ್ಕಳನ್ನು ಹೆತ್ತು ಸಾಕುವ ವಯಸ್ಸಿನವರು. ಸಂಧಿವಾತವೂ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅಂದರೆ ನಮಗೆ ಬರುವ ಇಂಥ ಅರ್ಜಿಯ ಹಿಂದೆ ಹೆಚ್ಚಾಗಿ ಒಂದು ಮನೆಯ ಅಡಿಗೆಯೊಲೆ ಇರುತ್ತದೆ.

ನಮ್ಮ ದೇಹದಲ್ಲಿಯೇ ಶಾಂತಿಪಾಲಕ ಕೋಶಗಳೂ ಇವೆ. ನಿಯಂತ್ರಕ ಟಿ ಕೋಶಗಳೆಂದು ಅವುಗಳ ಹೆಸರು. ಜಪಾನಿನ ಶಿಮೊನ್ ಸಕಗುಚಿ 1995ರಲ್ಲಿ ಇವುಗಳನ್ನು ತೋರಿಸಿಕೊಟ್ಟರು. ಅವರಿಗೂ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ವೈದ್ಯಕೀಯ ನೊಬೆಲ್ ಬಹುಮಾನ ಬಂದಿತು. ಹೆಚ್ಚಿನವರಲ್ಲಿ ಈ ಕೋಶಗಳು ಜಗಳವನ್ನು ಮೊದಲೇ ತಣಿಸುತ್ತವೆ. ನಮ್ಮ ರೋಗಿಗಳಲ್ಲಿ ಅವುಗಳ ಮಾತು ನಡೆಯುವುದಿಲ್ಲ. ಆಗ ಔಷಧಿ ಬೇಕಾಗುತ್ತದೆ.

ಔಷಧಿ ಮಾಡುವುದೇನು?

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಎಂದ ಕೂಡಲೇ ಅದು ಬಿಳಿ ಕಣಗಳನ್ನೆಲ್ಲ ಕೊಲ್ಲುತ್ತದೆ ಎಂದು ಜನ ಹೆದರುತ್ತಾರೆ. ಹಾಗಲ್ಲ. ಬಹುತೇಕ ಔಷಧಿಗಳು ಕಣಗಳನ್ನು ಕೊಲ್ಲುವುದಕ್ಕಿಂತ ಅವುಗಳ ನಡವಳಿಕೆಯನ್ನು ಬದಲಿಸುತ್ತವೆ.

ಮೊದಲು ಸ್ಟೀರಾಯ್ಡ್. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಏಳಲಾರದೆ ಇದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. 1950ರಲ್ಲಿ ಹೆಂಚ್ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂದಿತು. ಆದರೆ ಔಷಧಿ ನಿಲ್ಲಿಸಿದಾಗ ರೋಗ ಮರಳಿ ಬರುವುದನ್ನೂ ಆ ವೈದ್ಯರೇ ಕಂಡರು. ರೋಗ ತಗ್ಗಿತ್ತೇ ಹೊರತು ಹೋಗಿರಲಿಲ್ಲ. 75ಕ್ಕೂ ಹೆಚ್ಚು ವರ್ಷಗಳ ಹಿಂದೆ ಕಂಡ ಈ ಸತ್ಯವೇ ಇಂದು ನಮ್ಮ ನೆರವು ನಿಧಿಯ ಲೆಕ್ಕದ ಪುಸ್ತಕದಲ್ಲೂ ಕಾಣುತ್ತಿದೆ.

ಪ್ರೆಡ್ನಿಸೊಲೋನ್ ಮಾತ್ರೆ ಕೋಶದೊಳಗೆ ಹೋಗಿ ಉರಿಯೂತದ ಸಂದೇಶ ತಯಾರಿಸುವ ಜೀನುಗಳ ಸ್ವಿಚ್ ಆರಿಸುತ್ತದೆ. ಇಲ್ಲೊಂದು ವಿಚಿತ್ರವಿದೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರ ರಕ್ತದ ವರದಿಯಲ್ಲಿ ಬಿಳಿ ಕಣಗಳ ಒಟ್ಟು ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಾಗಿರಬಹುದು. ರಕ್ತನಾಳದ ಗೋಡೆಗೆ ಅಂಟಿಕೊಂಡು ಹೊರಜಿಗಿಯಲು ಕಾಯುತ್ತಿದ್ದ ನ್ಯೂಟ್ರೋಫಿಲ್‌ಗಳು ಹಿಡಿತ ಬಿಟ್ಟು ರಕ್ತದ ಪ್ರವಾಹಕ್ಕೆ ಮರಳುವುದೇ ಇದಕ್ಕೆ ಮುಖ್ಯ ಕಾರಣ. ಪ್ಲಾಟ್‌ಫಾರ್ಮಿನಲ್ಲಿ ಇಳಿಯಬೇಕಾದವರು ಇಳಿಯದೆ ಗಾಡಿಯಲ್ಲೇ ಉಳಿದರೆ ಡಬ್ಬಿ ತುಂಬಿದಂತೆ ಕಾಣುತ್ತದಲ್ಲ, ಹಾಗೆ. ಇದೇ ವೇಳೆ ಲಿಂಫೋಸೈಟುಗಳ ಪ್ರಮಾಣ ಇಳಿಯುತ್ತದೆ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000 ಬಿಳಿ ಕಣ ಇರುತ್ತವೆ. ಸ್ಟೀರಾಯ್ಡ್ ನಡೆಯುತ್ತಿರುವಾಗ 13,000 ಎಂದು ಬಂದರೆ ಅದು ಸೋಂಕೇ ಆಗಿರಬೇಕೆಂದಿಲ್ಲ; ಅಲ್ಲವೆಂದೂ ನಾವೇ ತೀರ್ಮಾನಿಸುವಂತಿಲ್ಲ. ಆದ್ದರಿಂದ ವರದಿಯ ಜತೆ ತಾವು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ತಪ್ಪದೆ ತೋರಿಸಬೇಕು.

ಎರಡನೆಯದು ಮೆಥೊಟ್ರೆಕ್ಸೇಟ್. ಇದರ ಹಿಂದೆ ನಮ್ಮ ದೇಶದ ಒಬ್ಬ ಮಹನೀಯರ ಹೆಸರಿದೆ. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲದ ಕೆಲಸ ತಡೆಯುವ ಔಷಧಿಗಳ ಸಂಶೋಧನೆಯನ್ನು ಮುನ್ನಡೆಸಿದರು. ಮೊದಲು ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಕೆಯಾದ ಈ ಔಷಧಿಗಳ ಕುಟುಂಬದಿಂದಲೇ ಮೆಥೊಟ್ರೆಕ್ಸೇಟ್ ಬಂದದ್ದು. ಸಂಧಿವಾತಕ್ಕೆ ಅಮೆರಿಕದ ಸರಕಾರದ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಕ್ಯಾನ್ಸರಿಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಇದು ಕೀಲಿನಲ್ಲಿ ಉರಿಯೂತ ತಣಿಸುವ ಅಡೆನೋಸಿನ್ ಎಂಬ ವಸ್ತುವನ್ನು ಹೆಚ್ಚಿಸಿ ಕೋಶಗಳ ಆವೇಶ ಇಳಿಸುತ್ತದೆ. ಪರಿಣಾಮ ಕಾಣಲು 6ರಿಂದ 12 ವಾರ ಬೇಕು. ಹದಿನೈದು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವ ಮಾತ್ರೆ ಇದಲ್ಲ.

ಇದನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿರಿ: ಸಂಧಿವಾತ ಮತ್ತು ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನವೂ ತೆಗೆದುಕೊಂಡರೆ ಅಸ್ಥಿಮಜ್ಜೆ ಕುಸಿದು ಪ್ರಾಣಕ್ಕೇ ಅಪಾಯ. ವಾರದ ಒಂದು ದಿನವನ್ನು ನಿಗದಿ ಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆಯ ಇನ್ನೊಬ್ಬರಿಗೂ ತಿಳಿಸಿಡಿ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಇದನ್ನು ತೆಗೆದುಕೊಳ್ಳಕೂಡದು.

ಮೂರನೆಯದು ಲಿಂಫೋಸೈಟುಗಳ ಕಡೆಗೇ ಗುರಿ ಇಟ್ಟ ಔಷಧಿಗಳು. ಅಜಾಥಯೋಪ್ರಿನ್ ಮತ್ತು ಮೈಕೊಫಿನೊಲೇಟ್ ಟಿ ಮತ್ತು ಬಿ ಕೋಶಗಳು ಸಂಖ್ಯೆಯಲ್ಲಿ ಬೆಳೆಯದಂತೆ ತಡೆಯುತ್ತವೆ. ಮೂತ್ರಪಿಂಡ ಕಸಿ ಆದವರು ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್, ಟಿ ಕೋಶವು ತನ್ನ ಜತೆಗಾರರನ್ನು ಬಡಿದೆಬ್ಬಿಸುವ ಸಂದೇಶವನ್ನೇ ಕತ್ತರಿಸುತ್ತದೆ. ರಿಟುಕ್ಸಿಮ್ಯಾಬ್ ಮಾತ್ರ ನಿಜವಾಗಿಯೂ ಬಿ ಕೋಶಗಳನ್ನು ತೆರವು ಮಾಡುತ್ತದೆ. ಅವು ಮತ್ತೆ ಹುಟ್ಟಲು ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬೇಕು. ಆ ಅವಧಿಯಲ್ಲಿ ಕೊಟ್ಟ ಹೊಸ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಲಸಿಕೆಗಳನ್ನು ಮುಂಚೆಯೇ ಹಾಕಿಸುವುದು ವಾಡಿಕೆ. ನಮ್ಮ ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗೆಂದು ಮಾರುಕಟ್ಟೆಗೆ ತಂದ ಇಟೊಲಿಜುಮ್ಯಾಬ್ ಕೂಡ ಇದೇ ದಾರಿಯದು. ಅದು ಟಿ ಕೋಶದ ಮೇಲಿರುವ ಸಿ.ಡಿ.6 ಎಂಬ ಹಿಡಿಕೆಗೆ ಅಂಟಿ, ಕೋಶವನ್ನು ಕೊಲ್ಲದೆ ಅದರ ಉದ್ರೇಕವನ್ನು ತಗ್ಗಿಸುತ್ತದೆ.

ನೆನಪಿಟ್ಟುಕೊಳ್ಳುವ ಕೋಶಗಳು

ಈಗ ಮೂಲ ಪ್ರಶ್ನೆಗೆ ಬರೋಣ. ಔಷಧಿಯಿಂದ ನೋವು ನಿಂತಿತು, ಊತ ಇಳಿಯಿತು, ವರದಿ ಚೆನ್ನಾಗಿದೆ. ಇನ್ನೂ ಮಾತ್ರೆ ಏಕೆ?

ಟಿ ಕೋಶಗಳಲ್ಲಿ ನೆನಪಿನ ಕೋಶಗಳೆಂಬ ಒಂದು ವರ್ಗವಿದೆ. ಒಮ್ಮೆ ಕಂಡ ಶತ್ರುವನ್ನು ಇವು ವರ್ಷಗಟ್ಟಲೆ ಮರೆಯುವುದಿಲ್ಲ. ಲಸಿಕೆ ಫಲಿಸುವುದು ಈ ಬಗೆಯ ನೆನಪಿನಿಂದಲೇ. ಆದರೆ ತನ್ನದೇ ದೇಹವನ್ನು ಶತ್ರುವೆಂದು ಕಲಿತ ನೆನಪೂ ಹಾಗೆಯೇ ಉಳಿಯುತ್ತದೆ. ಇವುಗಳಲ್ಲಿ ಕೆಲವು ರಕ್ತದಲ್ಲಿ ತಿರುಗಾಡದೆ ಚರ್ಮದಲ್ಲೋ ಕೀಲಿನಲ್ಲೋ ಕರುಳಿನಲ್ಲೋ ಕಾಯಂ ವಾಸ ಹೂಡುತ್ತವೆ. ಸೋರಿಯಾಸಿಸ್ ವಾಸಿಯಾದಂತೆ ಕಂಡು ಮತ್ತೆ ಅದೇ ಮೊಣಕೈ, ಅದೇ ಮೊಣಕಾಲಿನ ಮೇಲೆ ಏಳುವುದನ್ನು ಗಮನಿಸಿರಬಹುದು. ಅಲ್ಲಿ ನೆಲೆಸಿದ ಕೋಶಗಳು ಮತ್ತೆ ಎಚ್ಚೆತ್ತಿವೆ ಎಂದು ಅರ್ಥ. ಬೆರಳಿನಿಂದ ತೆಗೆದ ರಕ್ತದಲ್ಲಿ ಅವು ಸಿಗುವುದಿಲ್ಲ. ವರದಿ ಶುದ್ಧವಾಗಿದ್ದರೂ ಅವು ಅಲ್ಲೇ ಇರುತ್ತವೆ.

ಆದ್ದರಿಂದ ಈ ರೋಗಗಳಲ್ಲಿ ವೈದ್ಯರು ಗುಣವಾಯಿತು ಎನ್ನುವುದಕ್ಕಿಂತ ಹತೋಟಿಯಲ್ಲಿದೆ ಎನ್ನುತ್ತಾರೆ. ಹತೋಟಿ ಬಹುಕಾಲ ಉಳಿದರೆ ಕೆಲವರಲ್ಲಿ ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುವುದುಂಟು. ಆದರೆ ಅದು ಪರೀಕ್ಷೆ ಮಾಡುತ್ತಾ, ವೈದ್ಯರ ಕಣ್ಣೆದುರು ಆಗಬೇಕಾದ ಕೆಲಸ.

ನಮ್ಮ ನೆರವು ಪಡೆದ ಡೊಂಬಿವಲಿಯ ಒಬ್ಬ ತಾಯಿ ಹೊಲಿಗೆ ಮಾಡಿ ಮನೆ ನಡೆಸುತ್ತಿದ್ದರು. ಮೂರು ತಿಂಗಳ ಔಷಧಿಯಿಂದ ಬೆರಳುಗಳು ಸಡಿಲವಾದವು. ನೆರವಿನ ಅವಧಿ ಮುಗಿಯಿತು, ಮಗನ ಶಾಲೆಯ ಫೀಸು ಎದುರು ನಿಂತಿತು, ನೋವೂ ಇರಲಿಲ್ಲ. ಮಾತ್ರೆ ನಿಂತಿತು. ಎರಡನೆಯ ಬಾರಿ ಅರ್ಜಿ ತಂದಾಗ ಆಕೆಯ ಬಲಗೈ ಬೆರಳುಗಳು ಸೂಜಿ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಔಷಧಿ ಮತ್ತೆ ಸುರುವಾಯಿತು, ನೋವು ಮತ್ತೆ ಇಳಿಯಿತು. ಬಾಗಿದ ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಉಳಿಸಿದ್ದು ಕೆಲವು ತಿಂಗಳ ಮಾತ್ರೆಯ ಹಣ, ಕಳೆದುಕೊಂಡದ್ದು ಕಸುಬು.

ಊರಿಗೆ ಹೋಗುವಾಗಲೂ ಇದೇ ಎಚ್ಚರ ಬೇಕು. ಮೇ ತಿಂಗಳಲ್ಲಿ ಠಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿ ಹೊರಟವರು ಒಂದು ತಿಂಗಳು ಮಾತ್ರೆಯಿಲ್ಲದೆ ಕಳೆಯುವುದನ್ನು ಕೇಳಿದ್ದೇನೆ. ಮೂರು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಅದನ್ನು ಒಮ್ಮೆಲೇ ನಿಲ್ಲಿಸುವುದು ರೋಗ ಮರಳುವುದಕ್ಕಿಂತಲೂ ದೊಡ್ಡ ಅಪಾಯ. ನಮ್ಮ ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿ ದಿನವೂ ತಯಾರಿಸುವ ಸ್ವಂತ ಸ್ಟೀರಾಯ್ಡನ್ನು ಆ ವೇಳೆಗೆ ಕಡಿಮೆ ಮಾಡಿರುತ್ತದೆ. ಹೊರಗಿನದು ತಟಕ್ಕನೆ ನಿಂತರೆ ರಕ್ತದೊತ್ತಡ ಕುಸಿಯಬಹುದು. ಊರಿಗೆ ಹೊರಡುವ ಮುನ್ನ ಪೂರ್ತಿ ದಿನಗಳಿಗೆ ಸಾಲುವ ಮಾತ್ರೆಯನ್ನು ಚೀಲಕ್ಕೆ ಹಾಕಿಕೊಳ್ಳಿ.

ಕ್ಷಯ ಎಂಬ ನಿದ್ರಿಸುವ ಶತ್ರು

ಪಡೆಯನ್ನು ಶಾಂತಗೊಳಿಸಿದಾಗ ನಿಜವಾದ ಶತ್ರುವಿಗೂ ದಾರಿ ಸುಲಭವಾಗುತ್ತದೆ. ನಮ್ಮ ದೇಶದಲ್ಲಿ ಆ ಶತ್ರುಗಳಲ್ಲಿ ಮೊದಲನೆಯದು ಕ್ಷಯ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟ ಭಾರತೀಯರಲ್ಲಿ ಸುಮಾರು ಶೇ. 31 ಮಂದಿಯ ದೇಹದಲ್ಲಿ ಕ್ಷಯದ ಸೋಂಕು ಇದೆ. ಇವರಲ್ಲಿ ಹೆಚ್ಚಿನವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಇತರರಿಗೆ ಹರಡುವುದೂ ಇಲ್ಲ. ಏಕೆಂದರೆ ಮ್ಯಾಕ್ರೋಫೇಜುಗಳು ಮತ್ತು ಟಿ ಕೋಶಗಳು ಆ ರೋಗಾಣುಗಳ ಸುತ್ತ ಗೋಡೆ ಕಟ್ಟಿ ಗಂಟಿನಂತೆ ಮಾಡಿ ಒಳಗೇ ಕೂಡಿಹಾಕಿವೆ. ಈ ಗೋಡೆ ನಿಲ್ಲಲು ಬೇಕಾದ ಗಾರೆಯೇ ಟಿ.ಎನ್.ಎಫ್.

ಕೀಲನ್ನು ಸುಡುವ ಟಿ.ಎನ್.ಎಫ್. ತಡೆದರೆ ಸಂಧಿವಾತ ಇಳಿಯುತ್ತದೆ ಎಂಬುದನ್ನು ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ 1992ರಲ್ಲಿ ಆರಂಭಿಸಿದ ಪ್ರಯೋಗದಿಂದ ತೋರಿಸಿಕೊಟ್ಟರು. ಲಕ್ಷಾಂತರ ಜನರಿಗೆ ಅದರಿಂದ ಉಪಕಾರವಾಗಿದೆ. ಆದರೆ ಕೀಲಿನ ಬೆಂಕಿಯೂ ಕ್ಷಯದ ಗೋಡೆಯ ಗಾರೆಯೂ ಒಂದೇ ವಸ್ತುವಾದ್ದರಿಂದ ಒಂದನ್ನು ತೆಗೆದರೆ ಇನ್ನೊಂದು ಸಡಿಲವಾಗುತ್ತದೆ. 2001ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ವರದಿಯಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಪಡೆದ ಮೇಲೆ ಕ್ಷಯ ಬಂದ 70 ಜನರ ವಿವರವಿದೆ. ಅವರಲ್ಲಿ 48 ಮಂದಿಗೆ ಮೂರು ಅಥವಾ ಅದಕ್ಕಿಂತ ಕಡಿಮೆ ಡೋಸಿನೊಳಗೇ ರೋಗ ಎದ್ದಿತು. 40 ಮಂದಿಯಲ್ಲಿ ಅದು ಶ್ವಾಸಕೋಶದ ಹೊರಗೆ ಕಾಣಿಸಿಕೊಂಡಿತು. ಅಂದರೆ ಕೆಮ್ಮೇ ಇಲ್ಲದೆ, ಕುತ್ತಿಗೆಯ ಗಂಟಾಗಿ, ಹೊಟ್ಟೆಯ ನೀರಾಗಿ, ಬೆನ್ನು ನೋವಾಗಿಯೂ ಬರಬಹುದು.

ಇಕ್ಕಟ್ಟಾದ ಚಾಳುಗಳಲ್ಲಿ, ಹೋಟೆಲಿನ ಮಾಳಿಗೆಯ ಕೋಣೆಗಳಲ್ಲಿ ಹತ್ತು ಜನ ಒಟ್ಟಿಗೆ ಮಲಗುವ, ದಿನಕ್ಕೆರಡು ಬಾರಿ ಲೋಕಲಿನ ತುಂಬಿದ ಡಬ್ಬಿಯಲ್ಲಿ ಉಸಿರಾಡುವ ನಮ್ಮವರಿಗೆ ಇದು ದೂರದ ಮಾತಲ್ಲ. ಆದ್ದರಿಂದಲೇ ಇಂಥ ಚುಚ್ಚುಮದ್ದಿಗೆ ಮುನ್ನ ಎದೆಯ ಎಕ್ಸ್‌ರೇ, ಮಾಂಟು ಪರೀಕ್ಷೆ ಅಥವಾ ಇಗ್ರಾ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಸೋಂಕು ನಿದ್ರಿಸುತ್ತಿದ್ದರೆ ಮೊದಲು ಅದಕ್ಕೆ ತಡೆ ಔಷಧಿ ಆರಂಭಿಸುತ್ತಾರೆ: ಆರು ತಿಂಗಳು ದಿನವೂ ಐಸೋನಯಾಜಿಡ್, ಅಥವಾ ವಾರಕ್ಕೊಮ್ಮೆಯಂತೆ 12 ವಾರ ಎರಡು ಔಷಧಿಗಳ ಜೋಡಿ. 2021ರ ಕೇಂದ್ರ ಸರಕಾರದ ಮಾರ್ಗಸೂಚಿಯಲ್ಲಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಪಡೆಯುವವರು, ಡಯಾಲಿಸಿಸ್ ರೋಗಿಗಳು ಮತ್ತು ಅಂಗ ಕಸಿ ಆಗುವವರು ಈ ತಡೆ ಚಿಕಿತ್ಸೆಗೆ ಪರಿಗಣಿಸಬೇಕಾದವರ ಪಟ್ಟಿಯಲ್ಲಿದ್ದಾರೆ. ರಿಟುಕ್ಸಿಮ್ಯಾಬ್ ಕೊಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಮಾಡುವುದೂ ಇದೇ ತತ್ವದ ಮೇಲೆ. ಯಕೃತ್ತಿನಲ್ಲಿ ಮಲಗಿದ ವೈರಸ್ ಎದ್ದು ಕೂರಬಹುದು.

"ಔಷಧಿಗೆ ಹಣ ಕೇಳಿ, ಪರೀಕ್ಷೆಗೇಕೆ ಕೇಳುತ್ತೀರಿ?" ಎಂದು ಕೆಲವರು ಅನ್ನುತ್ತಾರೆ. ಈ ಪರೀಕ್ಷೆಗಳು ಔಷಧಿಯ ಭಾಗವೇ. ಪರೀಕ್ಷೆ ಇಲ್ಲದೆ ಔಷಧಿಗೆ ಮಾತ್ರ ಹಣ ಕೊಡುವುದು ಬ್ರೇಕ್ ನೋಡದೆ ಗಾಡಿ ಬಿಟ್ಟಂತೆ.

ಮಳೆಗಾಲ, ಜ್ವರ ಮತ್ತು ಕಷಾಯ

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು, ಕಲ್ಯಾಣದ ಕಡೆಯೂ ನೀರು ಮನೆಮನೆಗೆ ನುಗ್ಗಿದ್ದು ಹಿರಿಯರಿಗೆ ನೆನಪಿರಬಹುದು. ಆ ನೆರೆಯ ಹಿಂದೆಯೇ ಬಂದದ್ದು ಇಲಿಜ್ವರ. ಕೊಳಕು ನೀರಿನಲ್ಲಿ ನಡೆಯುವುದು ಎಲ್ಲರಿಗೂ ಅಪಾಯ; ಈ ಔಷಧಿ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಕಾಲಿಗೆ ಗಾಯವಿದ್ದರೆ ನೀರಿಗಿಳಿಯಬೇಡಿ. ಇಳಿಯಲೇಬೇಕಾಗಿ ಬಂದರೆ ಆ ದಿನವೇ ವೈದ್ಯರಿಗೆ ತಿಳಿಸಿ.

ಇನ್ನೊಂದು ತೊಡಕಿದೆ. ಜ್ವರ, ಊತ, ನೋವು ಇವೆಲ್ಲ ಬಿಳಿ ಕಣಗಳು ಎಬ್ಬಿಸುವ ಕೂಗು. ಕಣಗಳನ್ನು ಮೆತ್ತಗಾಗಿಸಿದಾಗ ಕೂಗೂ ಮೆತ್ತಗಾಗುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ದೊಡ್ಡ ಸೋಂಕಿದ್ದರೂ ಮೈ ಸ್ವಲ್ಪ ಬೆಚ್ಚಗಾದಂತೆ ಮಾತ್ರ ಕಾಣಬಹುದು. ಇಂಟರ್‌ಲ್ಯೂಕಿನ್-6 ತಡೆಯುವ ಟೊಸಿಲಿಜುಮ್ಯಾಬ್ ಪಡೆದವರಲ್ಲಿ ಸೋಂಕು ತೋರಿಸುವ ಸಿ.ಆರ್.ಪಿ. ಪರೀಕ್ಷೆಯೇ ಏರದೆ ಉಳಿಯಬಹುದು, ಏಕೆಂದರೆ ಯಕೃತ್ತಿಗೆ ಸಿ.ಆರ್.ಪಿ. ತಯಾರಿಸಲು ಹೇಳುವುದೇ ಇಂಟರ್‌ಲ್ಯೂಕಿನ್-6. ಆದ್ದರಿಂದ ನಮ್ಮ ರೋಗಿಗಳಲ್ಲಿ ಸಣ್ಣ ಜ್ವರವೂ ಸಣ್ಣದಲ್ಲ. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನಾಲ್ಕು ದಿನ ಕಾಯಬಾರದು.

ಇಲ್ಲಿಯೇ ಕಷಾಯದ ಮಾತನ್ನೂ ಹೇಳಿಬಿಡುತ್ತೇನೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ನೆರೆಹೊರೆಯವರು ಪ್ರೀತಿಯಿಂದ ಪುಡಿ, ಕಷಾಯ ತಂದುಕೊಡುತ್ತಾರೆ. ಆದರೆ ಇವರ ಕಾಯಿಲೆಯೇ ಆ ಶಕ್ತಿ ದಾರಿ ತಪ್ಪಿರುವುದು. ಅದನ್ನು ಇನ್ನಷ್ಟು ಕೆರಳಿಸಿ ಲಾಭವಿಲ್ಲ. ಕೊರೊನಾ ಕಾಲದಲ್ಲಿ, 2020ರ ಕೊನೆಯ ತಿಂಗಳುಗಳಲ್ಲಿ ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಸ್ವಯಂನಿರೋಧಕ ರೋಗದಂಥ ಹಾನಿ ಆದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ, ಸೇವಿಸಿದ್ದು ಅದೇ ಬಳ್ಳಿಯೇ ಎಂಬುದನ್ನೇ ಪ್ರಶ್ನಿಸಿತು. ವಾದ ಏನೇ ಇರಲಿ, ಈ ಔಷಧಿಗಳ ಮೇಲಿರುವವರು ವೈದ್ಯರನ್ನು ಕೇಳದೆ ಯಾವ ಪುಡಿ, ಕಷಾಯವನ್ನೂ ಸೇವಿಸದಿರುವುದು ಕ್ಷೇಮ. ಹೆಸರಿಲ್ಲದ ಪೊಟ್ಟಣದ ಕೀಲುನೋವಿನ ಪುಡಿಗಳಲ್ಲಿ ಸ್ಟೀರಾಯ್ಡನ್ನೇ ಗುಟ್ಟಾಗಿ ಬೆರೆಸಿರುವುದೂ ಉಂಟು.

ಲಸಿಕೆಗಳ ವಿಷಯದಲ್ಲಿ, ವರ್ಷಕ್ಕೊಮ್ಮೆಯ ಫ್ಲೂ ಲಸಿಕೆ ಮತ್ತು ನ್ಯುಮೋನಿಯಾ ಲಸಿಕೆಯನ್ನು ವೈದ್ಯರು ಸಾಮಾನ್ಯವಾಗಿ ಸಲಹೆ ಮಾಡುತ್ತಾರೆ. ಜೀವಂತ ರೋಗಾಣುವುಳ್ಳ ಲಸಿಕೆಗಳನ್ನು, ಉದಾಹರಣೆಗೆ ಹಳದಿ ಜ್ವರದ ಲಸಿಕೆಯನ್ನು, ಈ ಔಷಧಿಗಳ ಜತೆ ಸಾಮಾನ್ಯವಾಗಿ ಕೊಡುವುದಿಲ್ಲ.

ನೆರವು ಎಲ್ಲಿ ಬೇಕು?

ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಸಂಧಿವಾತ ರೋಗಗಳಿಗೆ ಪ್ರತ್ಯೇಕ ವಿಭಾಗವಿದೆ. ಕ್ಷಯದ ಔಷಧಿ ಸರಕಾರಿ ಹಾಗೂ ನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಉಚಿತ. ಕ್ಷಯ ರೋಗಿಗಳಿಗೆ ನಿಕ್ಷಯ್ ಪೋಷಣ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು, 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ನಿಗದಿತ ಚಿಕಿತ್ಸೆಗಳಿಗೆ. ಮನೆಯಲ್ಲೇ ಇದ್ದು ತಿಂಗಳು ತಿಂಗಳೂ ನುಂಗುವ ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತ ಮತ್ತು ಯಕೃತ್ತಿನ ಪರೀಕ್ಷೆ, ಕಲ್ಯಾಣದಿಂದ ಪರೇಲಿಗೆ ಹೋಗಿಬರುವ ದಿನದ ಕೂಲಿ ನಷ್ಟ, ಇವೆಲ್ಲ ರೋಗಿಯ ಹೆಗಲ ಮೇಲೆಯೇ ಉಳಿಯುತ್ತವೆ. ನಮ್ಮ ನಿಧಿಯ ಅಗತ್ಯ ಇರುವುದು ಈ ಅಂತರದಲ್ಲಿ.

ಬೆಲೆಯಲ್ಲಿ ಒಂದಿಷ್ಟು ಸಮಾಧಾನವೂ ಇದೆ. ಮೆಥೊಟ್ರೆಕ್ಸೇಟ್, ಪ್ರೆಡ್ನಿಸೊಲೋನ್ ಅಗ್ಗದ ಮಾತ್ರೆಗಳು. ದುಬಾರಿಯಾದ ಅಡಾಲಿಮ್ಯುಮ್ಯಾಬ್ ಎಂಬ ಟಿ.ಎನ್.ಎಫ್. ತಡೆ ಚುಚ್ಚುಮದ್ದಿನ ಜಗತ್ತಿನ ಮೊದಲ ಸದೃಶ ಔಷಧಿ ಹೊರಬಂದದ್ದು ನಮ್ಮ ದೇಶದಲ್ಲೇ, 2014ರ ಡಿಸೆಂಬರಿನಲ್ಲಿ ಜೈಡಸ್‌ನಿಂದ. ಆದರೂ ಕೂಲಿ ಮಾಡುವ ಮನೆಗೆ ಅದು ಭಾರವೇ. ಇಂಥ ಚುಚ್ಚುಮದ್ದುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಿಸಬಾರದು. ಮನೆಯಲ್ಲಿ ಫ್ರಿಜ್ ಇಲ್ಲದವರು ಮೊದಲೇ ತಿಳಿಸಿದರೆ ಹತ್ತಿರದ ಸದಸ್ಯರ ಮನೆಯಲ್ಲಿ ಇಡುವ ಏರ್ಪಾಡು ಮಾಡಬಹುದು. ಇದೂ ಒಂದು ದಾನವೇ.

ಅರ್ಜಿ ಕಳಿಸುವ ಬಂಧುಗಳು ಇತ್ತೀಚಿನ ವೈದ್ಯರ ಚೀಟಿ, ರಕ್ತದ ವರದಿ, ಕ್ಷಯ ಪರೀಕ್ಷೆಯ ವರದಿ ಮತ್ತು ರೇಷನ್ ಕಾರ್ಡಿನ ಪ್ರತಿಯನ್ನು ಜತೆಗಿಡಿ. ಔಷಧಿ ಮುಗಿಯಲು ಒಂದು ತಿಂಗಳಿರುವಾಗಲೇ ನಮಗೆ ತಿಳಿಸಿ. ಮುಗಿದ ಮೇಲೆ ಬಂದರೆ ಆ ನಡುವಿನ ದಿನಗಳಲ್ಲಿ ಕೋಶಗಳು ನಮಗಾಗಿ ಕಾಯುವುದಿಲ್ಲ.

ದಾನಿ ಬಂಧುಗಳಲ್ಲಿ ಒಂದೇ ವಿನಂತಿ. ಈ ರೋಗಿಗಳಿಗೆ ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಪ್ಪದೆ ಬರುವ ಚಿಕ್ಕ ಮೊತ್ತ ಹೆಚ್ಚು ಉಪಕಾರಿ. ಸಾಧ್ಯವಾದವರು ಒಬ್ಬ ರೋಗಿಯ ಒಂದು ವರ್ಷದ ಮಾತ್ರೆಯ ಹೊಣೆ ಹೊರಲು, ಇಬ್ಬರು ಮೂವರು ಸೇರಿಯಾದರೂ ಹೊರಲು ಮುಂದೆ ಬನ್ನಿ. ಹೋದ ವರ್ಷ ನೀವು ಕೊಟ್ಟ ಹಣ ವ್ಯರ್ಥವಾಗಿಲ್ಲ. ಆ ರೋಗಿ ಇಂದು ನೋಡಲು ಚೆನ್ನಾಗಿದ್ದಾರೆ ಎಂದರೆ ಅದು ಆ ಹಣದ ಫಲವೇ. ಈ ವರ್ಷವೂ ಅವರು ಹಾಗೆಯೇ ಇರಲಿ ಎಂಬುದಷ್ಟೇ ನಮ್ಮ ಕೋರಿಕೆ.

ತಮ್ಮ ವಿಶ್ವಾಸಿ,
ವೈದ್ಯಕೀಯ ನೆರವು ಉಪಸಮಿತಿಯ ಪರವಾಗಿ